ಮಕಾವ್‌ನ ಚಿಪ್ಪಿನ ಕಿಟಕಿ, ಶಾಂಘೈನ ಕೆಂಪು ಮುಂಡಾಸು

ಅಕ್ಕ ಕಾರವಾರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳು. ಅಫೀಮು ಯುದ್ಧದ ಪಾಠ ಪುಸ್ತಕದಲ್ಲಿ ಒಂದೂವರೆ ಪುಟ. ಇಂಗ್ಲಿಷರು ಚೀನಾಕ್ಕೆ ಅಫೀಮು ತಂದು ಸುರಿದರು, ಚೀನಾ ತಡೆಯಿತು, ಯುದ್ಧವಾಯಿತು, ಚೀನಾ ಸೋತು ಬಂದರುಗಳನ್ನು ಬಿಟ್ಟುಕೊಟ್ಟಿತು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಆ ಅಫೀಮು ಬೆಳೀತಿದ್ದದ್ದು ಎಲ್ಲಿ?" ಎಂದು ಕೇಳಿದಳಂತೆ. ಬಿಹಾರದಲ್ಲಿ, ಬನಾರಸಿನ ಸುತ್ತ, ಮಾಳವದಲ್ಲಿ ಎಂದು ಅಕ್ಕ ಹೇಳಿದಳು. "ಹಾಗಾದ್ರೆ ನಾವೂ ಅಲ್ಲಿದ್ವಿ ಅಲ್ವಾ?" ಎಂದು ಹುಡುಗಿ ಮತ್ತೆ ಕೇಳಿದಳು.

ನಿವೃತ್ತಿಯಾದ ವಾರವೇ ಅಕ್ಕ ನನಗೆ ಫೋನ್ ಮಾಡಿದಳು. "ತಮ್ಮಾ, ಚೀನಾಕ್ಕೆ ಹೋಗೋಣ. ಮಹಾಗೋಡೆ ಬೇಡ. ಆ ಬಂದರುಗಳನ್ನ ನೋಡ್ಬೇಕು ನಂಗೆ." ಹಾಂಗ್‌ಕಾಂಗ್, ಮಕಾವ್, ಶಿಯಾಮೆನ್ ಎದುರಿನ ಗುಲಾಂಗ್‌ಯು ದ್ವೀಪ, ಕೊನೆಗೆ ಶಾಂಘೈ. ಒಟ್ಟು ಎಂಟು ದಿನ.

ಮೊದಲ ದಿನ: ಹಾಂಗ್‌ಕಾಂಗ್

ಬೆಂಗಳೂರಿನಿಂದ ರಾತ್ರಿ ಹೊರಟ ವಿಮಾನ ಬೆಳಿಗ್ಗೆ ಇಳಿಸಿತು. ಕೋಣೆಯಲ್ಲಿ ಚೀಲ ಇಟ್ಟು ನೇರ ಸ್ಟಾರ್ ಫೆರ್ರಿಗೆ ಹೋದೆವು. ಕೌಲೂನ್ ದಡದಿಂದ ಹಾಂಗ್‌ಕಾಂಗ್ ದ್ವೀಪಕ್ಕೆ ಹತ್ತು ನಿಮಿಷದ ದಾರಿ. ಒಳಗೆ ಮರದ ಬೆಂಚುಗಳು, ಕೂರುವ ಹಲಗೆಯಲ್ಲಿ ನಕ್ಷತ್ರದ ಆಕಾರಕ್ಕೆ ಕೊರೆದ ತೂತುಗಳು. ಒರಗುವ ಹಲಗೆಯನ್ನು ಅತ್ತಿತ್ತ ತಳ್ಳಬಹುದು. ಹೋಗುವಾಗ ಒಂದು ಕಡೆಗೆ ಮುಖ, ಬರುವಾಗ ಇನ್ನೊಂದು ಕಡೆಗೆ, ದೋಣಿ ತಿರುಗಬೇಕಾಗಿಲ್ಲ. ಈ ಸೇವೆ ಶುರು ಮಾಡಿದವನು ದೊರಾಬ್ಜಿ ನವರೋಜಿ ಮಿಠಾಯಿವಾಲಾ ಎಂಬ ಪಾರ್ಸಿ. 1888ರಲ್ಲಿ ಅವನು ಕೌಲೂನ್ ಫೆರ್ರಿ ಕಂಪನಿ ಕಟ್ಟಿದ, ಹತ್ತು ವರ್ಷದ ನಂತರ ಅದು ಸ್ಟಾರ್ ಫೆರ್ರಿ ಆಯಿತು. 1911ರಲ್ಲಿ ಶುರುವಾದ ಹಾಂಗ್‌ಕಾಂಗ್ ವಿಶ್ವವಿದ್ಯಾಲಯಕ್ಕೆ ದೊಡ್ಡ ದಾನ ಕೊಟ್ಟವನೂ ಪಾರ್ಸಿಯೇ, ಹೊರ್ಮುಸ್ಜಿ ಮೋದಿ. ಅವನ ಹೆಸರಿನ ರಸ್ತೆ ಇವತ್ತಿಗೂ ಕೌಲೂನಿನಲ್ಲಿದೆ.

ಹಣ ಮಾಡಿದವರ ಹೆಸರುಗಳು ಹೀಗೆ ಉಳಿದಿವೆ. ಅಕ್ಕನಿಗೆ ಬೇಕಾಗಿದ್ದದ್ದು ಉಳಿದವರ ಸುಳಿವು.

ಮಧ್ಯಾಹ್ನ ಪೊಸೆಷನ್ ಸ್ಟ್ರೀಟ್ ಹುಡುಕಿಕೊಂಡು ಹೋದೆವು. 1841ರ ಜನವರಿ 26ರಂದು ಬ್ರಿಟಿಷರು ಬಾವುಟ ನೆಟ್ಟ ಜಾಗ ಅದು. ಆಗ ಅಲ್ಲಿ ಸಮುದ್ರದ ದಡವಿತ್ತು. ಮಣ್ಣು ತುಂಬಿ ತುಂಬಿ ದಡ ದೂರ ಸರಿದಿದೆ, ಈಗ ನಾಲ್ಕೂ ಕಡೆ ಎತ್ತರದ ಕಟ್ಟಡಗಳು. ಆ ತಿಂಗಳು ಬ್ರಿಟಿಷರ ಪರ ಕಾದಿದ ಪಡೆಯಲ್ಲಿ ಬಂಗಾಳದ ಸಿಪಾಯಿಗಳಿದ್ದರು, ಮದ್ರಾಸಿನ 37ನೇ ಕಾಲಾಳು ಪಡೆಯೂ ಇತ್ತು. ಅದೇ ವರ್ಷ ಮೇ ತಿಂಗಳಲ್ಲಿ ಗುವಾಂಗ್‌ಝೌ, ಅಂದರೆ ಹಳೇ ಕ್ಯಾಂಟನ್ ಊರಿನ, ಹೊರವಲಯದ ಸಾನ್ಯುವಾನ್‌ಲಿ ಎಂಬಲ್ಲಿ ಈ ಮದ್ರಾಸ್ ಪಡೆಯ ಒಂದು ತುಕಡಿ ಜಡಿಮಳೆಯಲ್ಲಿ ದಾರಿ ತಪ್ಪಿ, ರೈತರ ನಡುವೆ ಸಿಕ್ಕಿಬಿತ್ತು. ಕೋವಿಗಳಿಗೆ ನೀರು ಹೊಕ್ಕು ಗುಂಡು ಹಾರಲಿಲ್ಲ. ಚೀನಾದ ಮಕ್ಕಳು ಶಾಲೆಯಲ್ಲಿ ಓದುವ, ಹಳ್ಳಿಗರು ಪರಕೀಯರನ್ನು ಎದುರಿಸಿದ ಕಥೆ ಇದು. ಆ ಕಥೆಯ ಪರಕೀಯರಲ್ಲಿ ನಮ್ಮ ದಕ್ಷಿಣದ ಹುಡುಗರೂ ಇದ್ದರು.

"ಆವಾಗ ಕಾರವಾರವೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು ಅಲ್ವಾ ಅಕ್ಕಾ?"

"1862ರ ತನಕ. ಮಂಗಳೂರು, ಬಳ್ಳಾರಿ ಎಲ್ಲಾ ಅದರದ್ದೇ." ಇಷ್ಟು ಹೇಳಿ ಸುಮ್ಮನಾದಳು.

ಅಲ್ಲಿಂದ ಮೇಲೆ ನಾಲ್ಕು ಹೆಜ್ಜೆ ಹತ್ತಿದರೆ ಅಪ್ಪರ್ ಲಾಸ್ಕರ್ ರೋ ಎಂಬ ಓಣಿ. ಈಗ ಹಳೆ ಗಡಿಯಾರ, ಜೇಡ್ ಉಂಗುರ, ಪಿಂಗಾಣಿ ಮಾರುತ್ತಾರೆ. ಲಾಸ್ಕರ್ ಅಂದರೆ ಹಡಗಿನಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ಖಲಾಸಿ. ಆ ಹಡಗುಗಳಲ್ಲಿ ಖಲಾಸಿಗಳ ಮೇಲೆ ತಾಂಡೇಲ, ಅವನ ಮೇಲೆ ಸಾರಂಗ. ತಾಂಡೇಲ ಎಂಬ ಅಡ್ಡಹೆಸರಿನವರು ಕಾರವಾರದ ಬೈತಖೋಲದಿಂದ ಮಾಜಾಳಿಯವರೆಗೆ ಎಷ್ಟು ಮನೆ! ಅಕ್ಕನ ಕ್ಲಾಸಿನ ಹಾಜರಿ ಪುಸ್ತಕದಲ್ಲೇ ಪ್ರತಿ ವರ್ಷ ನಾಲ್ಕೈದು ತಾಂಡೇಲರು ಇರುತ್ತಿದ್ದರು. ಓಣಿಯ ಚೀನೀ ಹೆಸರಿನಲ್ಲಿ ಮಾತ್ರ ಲಾಸ್ಕರ್ ಇಲ್ಲ, 'ಮೊಲೊ' ಇದೆ. ಪೋರ್ಚುಗೀಸರು ಮುಸ್ಲಿಮರನ್ನು 'ಮೌರೊ' ಅನ್ನುತ್ತಿದ್ದರು. ಅದು ಕ್ಯಾಂಟನ್ ಜನರ ಬಾಯಲ್ಲಿ ಮೊಲೊ ಆಗಿ, ಹಿಂದೂ, ಸಿಖ್, ಪಾರ್ಸಿ ಎನ್ನದೆ ಭಾರತದಿಂದ ಬಂದವರಿಗೆಲ್ಲ ಅಂಟಿತು.

ಎರಡನೇ ದಿನ: ಮಕಾವ್

ಹಾಂಗ್‌ಕಾಂಗ್‌ನಿಂದ ಮಕಾವ್‌ಗೆ 55 ಕಿಲೋಮೀಟರ್ ಉದ್ದದ ಸೇತುವೆ. 2018ರಲ್ಲಿ ತೆರೆದದ್ದು. ಬಸ್ಸು ಸಮುದ್ರದ ಮೇಲೇ ಓಡುತ್ತದೆ, ನಡುವೆ ಒಂದು ಕಡೆ ಸುರಂಗಕ್ಕೆ ಇಳಿದು ನೀರಿನ ಅಡಿಯಲ್ಲೂ ಓಡುತ್ತದೆ. ಭಾರತೀಯರಿಗೆ ಮಕಾವ್‌ನಲ್ಲಿ ಮೂವತ್ತು ದಿನ ವೀಸಾ ಬೇಡ, ಹಾಗಾಗಿ ಗಡಿಯಲ್ಲಿ ತಡವಾಗಲಿಲ್ಲ.

ಮಕಾವ್ ಎಂದರೆ ಜೂಜಿನ ಊರು ಎಂದೇ ಎಲ್ಲರೂ ಹೇಳುತ್ತಾರೆ. ಆ ಕಟ್ಟಡಗಳ ಕಡೆ ನಾವು ಕಾಲಿಡಲಿಲ್ಲ. ಹಳೇ ಊರಿನ ಗಲ್ಲಿಗಳಿಗೆ ಬಂದದ್ದೇ ಅಕ್ಕ ಬೀದಿಯ ಫಲಕಗಳನ್ನು ಜೋರಾಗಿ ಓದತೊಡಗಿದಳು. ನೀಲಿ ಅಂಚಿನ ಬಿಳಿ ಹಂಚಿನ ಮೇಲೆ ಚೀನೀ ಅಕ್ಷರ, ಜತೆಗೆ ಪೋರ್ಚುಗೀಸ್. "ಇಗ್ರೆಜಾ ನೋಡೋ! ಇಗರ್ಜಿ!" ನಮ್ಮ ಕರಾವಳಿಯಲ್ಲಿ ಚರ್ಚಿಗೆ ಇಗರ್ಜಿ ಅನ್ನುತ್ತೇವಲ್ಲ, ಅದರ ತಾಯಿ. ಪಾದ್ರಿ, ಮೇಜು, ಚಾವಿ, ಪಗಾರ, ಇಸ್ತ್ರಿ, ಬಟಾಟೆ ಎಲ್ಲವೂ ಅದೇ ಹಡಗಿನಲ್ಲಿ ಬಂದ ಮಾತುಗಳು. 1557ರ ಹೊತ್ತಿಗೆ ಇಲ್ಲಿ ನೆಲೆನಿಂತ ಪೋರ್ಚುಗೀಸರು ಹೋದದ್ದು 1999ರ ಡಿಸೆಂಬರ್ 20ಕ್ಕೆ. ಅದರಲ್ಲಿ 1844ರವರೆಗೆ ಮಕಾವ್‌ನ ಆಡಳಿತ ಗೋವೆಯ ಕೈಯಲ್ಲಿತ್ತು. ಕಾರವಾರದಿಂದ ಎರಡು ತಾಸಿನ ಪಣಜಿ ಕಡೆಯಿಂದ ಈ ಊರಿಗೆ ಆಜ್ಞೆಗಳು ಬರುತ್ತಿದ್ದವು ಅಂದರೆ ಈ ಗಲ್ಲಿಗಳಲ್ಲಿ ನಿಂತಾಗ ಮೈ ಜುಮ್ಮೆನ್ನುತ್ತದೆ.

ಸೇಂಟ್ ಪಾಲ್ ಚರ್ಚಿನ ಅವಶೇಷದ ಮುಂದೆ ಜಾತ್ರೆಯಷ್ಟು ಜನ. ಉಳಿದಿರುವುದು ಮುಂಭಾಗದ ಕಲ್ಲಿನ ಗೋಡೆ ಮಾತ್ರ. ಹಿಂದೆ ಬರೀ ಆಕಾಶ. 1835ರಲ್ಲಿ ಬೆಂಕಿ ಬಿದ್ದು ಮಿಕ್ಕಿದ್ದೆಲ್ಲ ಸುಟ್ಟುಹೋಯಿತು. ಗೋಡೆಯ ಕೆತ್ತನೆಯನ್ನು ನಿಧಾನಕ್ಕೆ ನೋಡಬೇಕು. ಒಂದು ಕಡೆ ಹಾಯಿಹಡಗು, ಇನ್ನೊಂದು ಕಡೆ ಏಳು ತಲೆಯ ಸರ್ಪವನ್ನು ಮೆಟ್ಟಿದ ಮಾತೆ, ಪಕ್ಕದಲ್ಲಿ ಚೀನೀ ಅಕ್ಷರಗಳ ವಿವರಣೆ. ಕೆತ್ತಿದವರಲ್ಲಿ ತಮ್ಮ ದೇಶದಲ್ಲಿ ಕಿರುಕುಳ ತಾಳಲಾರದೆ ಓಡಿಬಂದ ಜಪಾನಿನ ಕ್ರೈಸ್ತರೂ ಇದ್ದರು.

ಮೆಟ್ಟಿಲ ಮೇಲೆ ಕೂತು ಅಕ್ಕ ನನಗೆ ಒಂದು ಸಂಗತಿ ಹೇಳಿದಳು. ಇಡೀ ಪ್ರವಾಸದಲ್ಲಿ ನನ್ನನ್ನು ಬಹಳ ಹಿಡಿದದ್ದು ಅದೇ. 1637ರಲ್ಲಿ ಜಾನ್ ವೆಡೆಲ್ ಎಂಬ ಇಂಗ್ಲಿಷ್ ಕಪ್ತಾನ ಹಡಗುಗಳ ದಂಡಿನೊಂದಿಗೆ ನಮ್ಮ ಭಟ್ಕಳಕ್ಕೆ ಬಂದ. ಅವನಿಗೆ ಬೇಕಿದ್ದದ್ದು ಮೆಣಸು. ಅವನ ಕಡೆಯವರು ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ಕೆಳದಿಯ ವೀರಭದ್ರ ನಾಯಕನನ್ನು ಕಂಡು, ಭಟ್ಕಳದಲ್ಲಿ ಕೋಠಿ ಹಾಕಲು ಒಪ್ಪಿಗೆ ಪಡೆದರು. ಹಾಗೆ ಹೋದವರಲ್ಲಿ ಪೀಟರ್ ಮಂಡಿ ಎಂಬ ವ್ಯಾಪಾರಿಯೊಬ್ಬನಿದ್ದ, ದಿನಚರಿ ಬರೆಯುವ ಅಭ್ಯಾಸದವನು. ಕೆಲವು ಜನರನ್ನು ಭಟ್ಕಳದಲ್ಲಿ ಬಿಟ್ಟು ಹಡಗುಗಳು ಹೊರಟು ಇಲ್ಲಿಗೆ, ಮಕಾವ್‌ಗೆ ಬಂದವು. ಪೋರ್ಚುಗೀಸರು ಅವರನ್ನು ಒಳಗೆ ಬಿಟ್ಟುಕೊಳ್ಳಲು ಒಪ್ಪಲಿಲ್ಲ. ವೆಡೆಲ್ ಮುತ್ತುನದಿಯ ಬಾಯಿಗೆ ಹೋಗಿ ಚೀನಾದ ಕೋಟೆಯ ಮೇಲೆ ಗುಂಡು ಹಾರಿಸಿದ. ಇಂಗ್ಲಿಷ್ ಹಡಗುಗಳು ಚೀನಾದ ಕೋಟೆಗೆ ಹೊಡೆದದ್ದು ಅಫೀಮು ಯುದ್ಧಕ್ಕೆ ಇನ್ನೂರು ವರ್ಷ ಮೊದಲೇ, ಅದೂ ಭಟ್ಕಳದಿಂದ ಲಂಗರು ಎತ್ತಿದ ಹಡಗುಗಳು.

ಆ ಪೀಟರ್ ಮಂಡಿ ಈ ಚರ್ಚಿನೊಳಗೂ ಹೋಗಿದ್ದ. ಅದರ ಮರದ ಮಾಡಿನ ಚಿನ್ನದ ಬಣ್ಣದ ಕೆತ್ತನೆಯನ್ನು ಬಾಯ್ತುಂಬ ಹೊಗಳಿ ಬರೆದಿಟ್ಟಿದ್ದಾನೆ. ಚೀನಾದ ಬಡಗಿಗಳ ಕೈಕೆಲಸ. ನಾವು ತಲೆ ಎತ್ತಿ ನೋಡಿದ ಜಾಗದಲ್ಲಿ ಮಾಡಿರಲಿಲ್ಲ, ಕಾಗೆಯಂಥ ಒಂದು ಹಕ್ಕಿ ಕಿಟಕಿಯ ಕಂಡಿಯಿಂದ ಹೊರಗೆ ಹಾರಿತು.

ಮೂರನೇ ದಿನ: ಮಕಾವ್

ಬೆಳಿಗ್ಗೆ ಬಾರಾ ಗುಡ್ಡದ ಕಡೆ ನಡೆದೆವು. ದಾರಿಯಲ್ಲಿ 'ಮ್ಯಾಂಡರಿನನ ಮನೆ' ಸಿಗುತ್ತದೆ. 1869ರ ಸುಮಾರಿಗೆ ಝೆಂಗ್ ಮನೆತನದವರು ಕಟ್ಟಿಸಿದ ದೊಡ್ಡ ಚೌಕಿಮನೆ. ಈ ಮನೆಯ ಝೆಂಗ್ ಗುವಾನ್‌ಯಿಂಗ್ ವಿದೇಶಿ ಕಂಪನಿಗಳಲ್ಲಿ ಕಂಪ್ರಡೋರ್ ಆಗಿದ್ದವನು. ನಮ್ಮಲ್ಲಿ ದುಭಾಷಿ ಎನ್ನುತ್ತಿದ್ದರಲ್ಲ, ಹಾಗೆ. ಪರದೇಶಿ ಸಾಹುಕಾರನಿಗೂ ಊರಿನ ಪೇಟೆಗೂ ನಡುವಿನ ಮನುಷ್ಯ. ಆ ಕೆಲಸ ಮಾಡುತ್ತಲೇ ಪರದೇಶಿಯರ ಹಿಡಿತದಿಂದ ಚೀನಾ ಹೇಗೆ ಬಿಡಿಸಿಕೊಳ್ಳಬೇಕೆಂದು ಯೋಚಿಸಿ ಬರೆದ. ಅವನ ಮಾತು ಮುಂದಿನ ತಲೆಮಾರಿನ ಕ್ರಾಂತಿಕಾರರ ಕಿವಿಗೂ ಬಿತ್ತು.

ಮಹಡಿ ಹತ್ತಿ ಪಡಸಾಲೆಗೆ ಬಂದಾಗ ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಇದು ಕಾಣಕೋಣದ ಮಾವನ ಮನೆ ಕಿಟಕಿ ಅಲ್ವೇನೋ?"

ಅದೇ. ಚೀನೀ ಜಾಲಂಧ್ರದ ಮರದ ಚೌಕಟ್ಟು, ಅದರ ಸಣ್ಣ ಸಣ್ಣ ಮನೆಗಳಲ್ಲಿ ಗಾಜಿನ ಬದಲು ಚಿಪ್ಪು. ಅಂಗೈಯಷ್ಟು ಅಗಲದ ತೆಳ್ಳನೆಯ ಸಮುದ್ರದ ಚಿಪ್ಪನ್ನು ಚೌಕಕ್ಕೆ ಕತ್ತರಿಸಿ, ಅಂಚು ತೀಡಿ, ಕಟ್ಟಿನೊಳಗೆ ಕೂರಿಸಿದ್ದಾರೆ. ಹತ್ತಿರ ಹೋದರೆ ಚಿಪ್ಪಿನ ಮೇಲೆ ಮರದ ಸುತ್ತುಗಳಂತೆ ಬೆಳವಣಿಗೆಯ ಗೆರೆಗಳು ಕಾಣುತ್ತವೆ. ಹೊರಗಿನ ಬಿಸಿಲು ಒಳಗೆ ಬರುವಾಗ ಗಂಜಿಯ ತಿಳಿಯ ಹಾಗೆ ಮಂದವಾಗುತ್ತದೆ. ಬೆಳಕು ಇದೆ, ಕಣ್ಣಿಗೆ ಚುಚ್ಚುವುದಿಲ್ಲ, ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ. ಚಿಕ್ಕಂದಿನಲ್ಲಿ ಗೋವೆಯ ಕಾಣಕೋಣದ ಹಳೇ ಮನೆಯಲ್ಲಿ, ರಜೆಯ ಮಧ್ಯಾಹ್ನಗಳಲ್ಲಿ ಇಂಥದೇ ಕಿಟಕಿಯ ಕೆಳಗೆ ಚಾಪೆ ಹಾಸಿ ನಾವಿಬ್ಬರೂ ಮಲಗುತ್ತಿದ್ದೆವು. ಮ್ಯಾಂಡರಿನನ ಮನೆಯ ಫಲಕದಲ್ಲೂ ಈ ಚಿಪ್ಪಿನ ಕೆಲಸವನ್ನು ಭಾರತದ ಬಗೆಯದ್ದೆಂದೇ ಬರೆದಿದ್ದಾರೆ. ಗೋವೆಯಿಂದ ಬಂದ ಹಡಗಿನಲ್ಲಿ ಯಾವನೋ ಬಡಗಿ ಬಂದನೋ, ನೋಡಿ ಹೋದ ಕಣ್ಣು ಬಂದಿತೋ, ಚೀನಾದ ದೊಡ್ಡ ಮನುಷ್ಯನ ಮನೆಯಲ್ಲಿ ನಮ್ಮ ಮಾವನ ಮನೆಯ ಬೆಳಕು ಬಿದ್ದಿತ್ತು. ಅಕ್ಕ ಹದಿನೈದು ನಿಮಿಷ ಅಲ್ಲಿಂದ ಕದಲಲಿಲ್ಲ.

ಸ್ವಲ್ಪ ದೂರದಲ್ಲೇ ಮೂರಿಷ್ ಬ್ಯಾರಕ್ಸ್. 1874ರಲ್ಲಿ ಕಟ್ಟಿದ್ದು, ಗೋವೆಯಿಂದ ಕರೆಸಿದ ಸಿಪಾಯಿಗಳಿಗೆ ಇರಲೆಂದು. ಮಕಾವ್‌ನ ಪೊಲೀಸ್ ಬಲಕ್ಕೆ ಕೈಗೂಡಿಸಲು ತಂದ ಸುಮಾರು ಇನ್ನೂರು ಜನ. ಹಳದಿ ಬಿಳಿ ಬಣ್ಣ, ಮೊಗಲರ ಕಟ್ಟಡದಂಥ ಚೂಪು ಕಮಾನುಗಳು, ಉದ್ದಕ್ಕೂ ಜಗಲಿ. ಈಗ ಅದು ಬಂದರು ಇಲಾಖೆಯ ಕಚೇರಿ. ಜಗಲಿಯಲ್ಲಿ ಓಡಾಡಬಹುದು. ಕಮಾನಿನ ನೆರಳು ನೆಲದ ಮೇಲೆ ಸಾಲಾಗಿ ಬಿದ್ದಿತ್ತು, ಎದುರಿಗೆ ಒಳಬಂದರಿನ ನೀರು. ಇದನ್ನು ಕಟ್ಟಿದ ಇಟಲಿಯ ವಾಸ್ತುಶಿಲ್ಪಿಯ ಹೆಸರು ಫಲಕದಲ್ಲಿದೆ. ಇಲ್ಲಿ ಮಲಗಿ ಎದ್ದ ಇನ್ನೂರು ಜನರಲ್ಲಿ ಒಬ್ಬನ ಹೆಸರೂ ಇಲ್ಲ. ಇದು ನನಗೆ ನಿಜಕ್ಕೂ ನೋವು ತಂದಿತು. ಗೋವೆಯ ಸೈನ್ಯಕ್ಕೆ ಸೇರುತ್ತಿದ್ದವರು ಗೋವೆಯವರೇ ಆಗಿರಬೇಕೆಂದೇನೂ ಇರಲಿಲ್ಲ, ಗಡಿ ಈ ಕಡೆಯ ಹಳ್ಳಿಯ ಹುಡುಗರೂ ಇದ್ದಿರಬಹುದು. ಯಾರದೋ ತಾಯಿ ಕಾಳಿ ನದಿಯ ದಡದಲ್ಲಿ ಕಾದಿರಬಹುದು.

ರಾತ್ರಿ ಊಟಕ್ಕೆ ಮಕಾನೀಸ್ ಅಡುಗೆಯ ಸಣ್ಣ ಹೋಟೆಲು. ಮಕಾನೀಸರೆಂದರೆ ಪೋರ್ಚುಗೀಸ್, ಮಲಾಕ್ಕಾ, ಗೋವಾ, ಜಪಾನ್, ಚೀನಾ ರಕ್ತಗಳೆಲ್ಲ ಕೂಡಿ ನಾನೂರು ವರ್ಷದಲ್ಲಿ ಹುಟ್ಟಿದ ಜನ. ತಮ್ಮನ್ನು 'ಮಣ್ಣಿನ ಮಕ್ಕಳು' ಎಂದೇ ಕರೆದುಕೊಳ್ಳುತ್ತಾರೆ. ಅವರ ಪಟುವಾ ಎಂಬ ಮಾತು ಈಗ ಆಡುವವರಿಲ್ಲದೆ ನಂದುತ್ತಿದೆ. ಅಳಿವಿನಂಚಿನ ಭಾಷೆಗಳ ಯುನೆಸ್ಕೋ ಪಟ್ಟಿಯಲ್ಲಿ ಅತಿ ಅಪಾಯದ ಸಾಲಿನಲ್ಲಿದೆ. ಮನೆಮನೆಯಲ್ಲಿ ಆಡುವ ಜನ ಕಡಿಮೆಯಾದರೂ ಅದರಲ್ಲಿ ನಾಟಕ ಆಡುವ ತಂಡ ಒಂದಿದೆ. ಮೆನು ಕಾರ್ಡಿನಲ್ಲಿ 'ಬಲಿಶಾವ್' ಕಂಡದ್ದೇ ಅಕ್ಕ ಬೆರಳಿಟ್ಟಳು. ಸಿಗಡಿ ಕೊಳೆಹಾಕಿ ಮಾಡುವ ಖಾರದ ಚಟ್ನಿ, ಗೋವೆಯಲ್ಲೂ ಮಂಗಳೂರಿನ ಕ್ರೈಸ್ತರ ಮನೆಗಳಲ್ಲೂ ಬಲ್ಚಾವ್. ನಾವು ಮೀನು ಮಾತ್ರ ತಿನ್ನುವವರು, ಹಂದಿ ಬೇಡ ಎಂದೆವು. ಹೋಟೆಲಿನ ಯಜಮಾನಿ ಬರೀ ಅನ್ನದ ಜತೆ ಒಂದು ಚಮಚ ಬಲಿಶಾವ್ ತಂದಿಟ್ಟಳು. ಹುಣಸೆಹುಳಿಯೂ ಇತ್ತು. ಅಕ್ಕ ಕಲಸಿ ಒಂದು ತುತ್ತು ಬಾಯಿಗಿಟ್ಟು, "ನಮ್ಮ ಸಿಗಡಿ ಉಪ್ಪಿನಕಾಯಿಗಿಂತ ಉಪ್ಪು ಜಾಸ್ತಿ, ಖಾರ ಕಮ್ಮಿ" ಎಂದಳು. ನಾವು ಗೋವೆಯವರೇ ಎಂದು ಯಜಮಾನಿ ಕೇಳಿದರು. ಪಕ್ಕದವರು ಎಂದೆವು. "ನನ್ನ ಅಜ್ಜಿಯ ಅಜ್ಜಿ ಅಲ್ಲಿಂದ ಬಂದವಳಂತೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ಬಿಲ್ಲಿನ ಜತೆ ಹಾಲಿನ ಬಿಬಿಂಕಾ ಎಂಬ ಸಿಹಿ ಎರಡು ತುಂಡು ಇಟ್ಟರು.

ನಾಲ್ಕನೇ ದಿನ: ರೈಲು

ಸೇತುವೆ ದಾಟಿ ವಾಪಸ್ ಹಾಂಗ್‌ಕಾಂಗ್, ಪಶ್ಚಿಮ ಕೌಲೂನ್ ನಿಲ್ದಾಣ. ಚೀನಾದ ಗಡಿ ತಪಾಸಣೆ ಆ ನಿಲ್ದಾಣದೊಳಗೇ ಆಗುತ್ತದೆ. ಶಿಯಾಮೆನ್‌ಗೆ ವೇಗದ ರೈಲಿನಲ್ಲಿ ನಾಲ್ಕು ತಾಸಿನ ಮೇಲೆ. ಸುರಂಗದಿಂದ ಹೊರಬಂದಾಗೆಲ್ಲ ಸಿಂಪಿ ಕೃಷಿಯ ಖಾರಿಗಳು, ಬಾಳೆತೋಟ, ಕೆಂಪು ಮಣ್ಣು. ಕಿಟಕಿಗೆ ತಲೆ ಆನಿಸಿದರೆ ಅಂಕೋಲೆ ದಾಟುತ್ತಿದ್ದೇವೆ ಅನ್ನಿಸಬೇಕು. ರಾತ್ರಿ ನಾವು ಕಾದಿರಿಸಿದ್ದ ಹೋಟೆಲಿನವರು ವಿದೇಶಿಯರನ್ನು ಇಟ್ಟುಕೊಳ್ಳಲು ಆಗುವುದಿಲ್ಲ ಎಂದುಬಿಟ್ಟರು. ಚೀಲ ಎಳೆದುಕೊಂಡು ಒಂದು ತಾಸು ಅಲೆದು ಬೇರೆ ಜಾಗ ಹಿಡಿದೆವು. ಹೋಗುವವರು ಮೊದಲೇ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.

ಐದನೇ ದಿನ: ಗುಲಾಂಗ್‌ಯು

ಶಿಯಾಮೆನ್ ಎಂದರೆ ಹಳೇ ಅಮೊಯ್. ಅದರ ಎದುರಿಗೆ, ದೋಣಿಯಲ್ಲಿ ಇಪ್ಪತ್ತು ನಿಮಿಷಕ್ಕೆ ಗುಲಾಂಗ್‌ಯು. ದ್ವೀಪ ಎರಡು ಚದರ ಕಿಲೋಮೀಟರೂ ಇಲ್ಲ. ಕಾರಿಲ್ಲ, ಬೈಕಿಲ್ಲ, ಸೈಕಲ್ಲೂ ಇಲ್ಲ. ಎಲ್ಲ ಕಾಲ್ನಡಿಗೆ.

1841ರ ಆಗಸ್ಟಿನಲ್ಲಿ ಬ್ರಿಟಿಷರು ಅಮೊಯ್ ಹಿಡಿದರು. ಮರುವರ್ಷ ನಾನ್‌ಜಿಂಗ್ ಒಪ್ಪಂದದಲ್ಲಿ ತೆರೆಸಿಕೊಂಡ ಐದು ಬಂದರುಗಳಲ್ಲಿ ಇದೂ ಒಂದು. ಯುದ್ಧದ ದಂಡ ತೀರುವವರೆಗೂ ಗುಲಾಂಗ್‌ಯುವಿನಲ್ಲಿ ಸೈನ್ಯ ಇಟ್ಟುಕೊಂಡಿದ್ದರು. ಆಮೇಲೆ ವ್ಯಾಪಾರಿಗಳು, ಪಾದ್ರಿಗಳು, ರಾಯಭಾರಿ ಕಚೇರಿಗಳು ಬಂದವು. 1903ರಿಂದ ಇಡೀ ದ್ವೀಪ ಅಂತಾರಾಷ್ಟ್ರೀಯ ವಸಾಹತು. ತನ್ನದೇ ಪುರಸಭೆ, ತನ್ನದೇ ಪೊಲೀಸು. ಆ ಪೊಲೀಸಿನಲ್ಲಿ ಪಂಜಾಬಿನ ಸಿಖ್ಖರಿದ್ದರು.

ಇಲ್ಲಿ ನನ್ನ ತಲೆಯಲ್ಲಿದ್ದ ಒಂದು ಚಿತ್ರ ಬದಲಾಯಿತು. ಈ ಬಂಗಲೆಗಳೆಲ್ಲ ಬಿಳಿಯರದ್ದು ಎಂದುಕೊಂಡಿದ್ದೆ. ಹೆಚ್ಚಿನವು ಚೀನೀಯರದ್ದೇ. 1895ರಲ್ಲಿ ತೈವಾನ್ ಜಪಾನಿಗೆ ಹೋದಾಗ ಅಲ್ಲಿಂದ ಬಂದ ಸಿರಿವಂತರು, ಮನಿಲಾ, ಸಿಂಗಾಪುರ, ಜಾವಾಗಳಲ್ಲಿ ದುಡಿದು ಹಣ ಮಾಡಿ ತಾಯ್ನಾಡಿಗೆ ಮರಳಿದವರು, ಇಲ್ಲಿ ಪರದೇಶಿ ಪುರಸಭೆಯ ನೆರಳಿನಲ್ಲಿ ಆಸ್ತಿ ಭದ್ರ ಎಂದು ಮನೆ ಕಟ್ಟಿದರು. ಕೆಂಪು ಇಟ್ಟಿಗೆ, ಅಗಲ ಜಗಲಿ, ಕಂಬಗಳ ತಲೆಗೆ ಯುರೋಪಿನ ಹೂಬಳ್ಳಿಯ ಬದಲು ಕೆಲವು ಕಡೆ ಇಲ್ಲಿನದೇ ಹಣ್ಣು ಹಕ್ಕಿ. ತೈವಾನಿನಿಂದ ಬಂದ ಲಿನ್ ಎರ್‌ಜಿಯಾ 1913ರಲ್ಲಿ ಸಮುದ್ರವನ್ನೇ ಅಂಗಳಕ್ಕೆ ಎಳೆದುಕೊಂಡಂತೆ ಶುಝುವಾಂಗ್ ಉದ್ಯಾನ ಮಾಡಿಸಿದ. ಅಲೆ ಬಡಿಯುವ ಬಂಡೆಗಳ ಮೇಲೇ ಡೊಂಕು ಡೊಂಕಾದ ಸಂಕ. ಆ ಸಂಕದ ಮೇಲೆ ನಿಂತವನು ಕಳೆದುಕೊಂಡ ತನ್ನ ದ್ವೀಪದ ದಿಕ್ಕಿಗೆ ನೋಡುತ್ತಿದ್ದನೇನೋ.

ಪಾದ್ರಿಗಳ ಶಾಲೆ, ಚರ್ಚುಗಳ ಹಾಡಿನಿಂದ ಇಲ್ಲಿ ಪಿಯಾನೊ ಮನೆಮನೆಗೆ ಹೊಕ್ಕಿತು. ಈಗಲೂ 'ಪಿಯಾನೊ ದ್ವೀಪ' ಎಂದೇ ಹೆಸರು, ಹಳೇ ಪಿಯಾನೊಗಳದ್ದೇ ಒಂದು ಸಂಗ್ರಹಾಲಯವಿದೆ. ನಾವು ಇಳಿಜಾರಿನ ಓಣಿಯಲ್ಲಿ ಹೋಗುವಾಗ ಮಹಡಿಯ ಮೇಲಿಂದ ಯಾರೋ ಒಂದೇ ಸಾಲನ್ನು ತಪ್ಪಿ ತಪ್ಪಿ ಮತ್ತೆ ಬಾರಿಸುತ್ತಿದ್ದರು. ಸಂಗ್ರಹಾಲಯಕ್ಕಿಂತ ಆ ತಪ್ಪುವ ಕೈ ನನಗೆ ಇಷ್ಟವಾಯಿತು.

ಅದೇ ಓಣಿಯಲ್ಲಿ ಎದುರಿಗೆ ಕೈಗಾಡಿ ಬಂತು. ವಾಹನವಿಲ್ಲದ ದ್ವೀಪಕ್ಕೆ ಅಕ್ಕಿ, ಸಿಮೆಂಟು, ಗ್ಯಾಸ್ ಸಿಲಿಂಡರು, ಹೋಟೆಲಿನ ಹಾಸಿಗೆ ಎಲ್ಲ ಬರುವುದು ಎರಡು ಗಾಲಿಯ ಕೈಗಾಡಿಯಲ್ಲಿ. ಮುಂದೆ ಒಬ್ಬ ಗಂಡಸು, ಹೆಗಲಿಗೆ ಅಡ್ಡಲಾಗಿ ಪಟ್ಟಿ ಹಾಕಿಕೊಂಡು ಮೈ ನೆಲಕ್ಕೆ ಬಾಗಿಸಿ ಎಳೆಯುತ್ತಿದ್ದ. ಹಿಂದೆ ಒಬ್ಬ ಹೆಂಗಸು ಎರಡೂ ಅಂಗೈ ಒತ್ತಿ ತಳ್ಳುತ್ತಿದ್ದಳು. ಗಾಡಿಯಲ್ಲಿ ಮರಳಿನ ಚೀಲಗಳು. ಏರಿನ ಮಧ್ಯೆ ನಿಂತಾಗ ಅವಳು ಕಾಲಿನಿಂದ ಮರದ ತುಂಡೊಂದನ್ನು ಗಾಲಿಗೆ ಸರಿಯಾಗಿ ಒದ್ದು ತಡೆಕೊಟ್ಟಳು. ನೋಡದೆಯೇ, ವರ್ಷಗಟ್ಟಲೆಯ ಅಭ್ಯಾಸ. ನೂರು ವರ್ಷದ ಹಿಂದೆ ಈ ಬಂಗಲೆಗಳ ಇಟ್ಟಿಗೆ, ಪಿಯಾನೊ ಎಲ್ಲ ಹೀಗೇ ಯಾರದೋ ಹೆಗಲ ಮೇಲೆ ಹತ್ತಿದವು. ಅಕ್ಕ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು, ಹೆಂಗಸು ನಗುತ್ತಾ ಏನೋ ಅಂದು ಮುಂದೆ ಹೋದಳು.

ಒಳ್ಳೆಯವರ ಕಥೆಯನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಜಾನ್ ಓಟ್ ಎಂಬ ಮಿಷನ್ ವೈದ್ಯ 1898ರಲ್ಲಿ ಇಲ್ಲಿ ಹೋಪ್ ಆಸ್ಪತ್ರೆ ಕಟ್ಟಿದ, ಚೀನೀ ಹುಡುಗರಿಗೆ ವೈದ್ಯ ಕಲಿಸಿದ. ದೂರದಿಂದಲೇ ಕಾಣುವ ಕೆಂಪು ಗುಮ್ಮಟದ ಬಾಗುವಾ ಮನೆಯ ನಕ್ಷೆ ಬರೆದವನೂ ಅವನೇ. 1910ರಲ್ಲಿ ಪ್ಲೇಗಿನ ರೋಗಿಯನ್ನು ನೋಡಿ, ಅದೇ ರೋಗ ಹತ್ತಿ ತೀರಿಕೊಂಡ. ಇದೇ ದ್ವೀಪದಲ್ಲಿ 1901ರಲ್ಲಿ ಹುಟ್ಟಿದ ಲಿನ್ ಚಿಯಾವ್‌ಝಿ ಮುಂದೆ ಬೀಜಿಂಗಿನ ಹೆಸರಾಂತ ಹೆರಿಗೆ ವೈದ್ಯೆಯಾದರು. ಮದುವೆಯಾಗಲಿಲ್ಲ, ಸಾವಿರಾರು ಮಕ್ಕಳನ್ನು ಕೈಯಾರೆ ಈ ಲೋಕಕ್ಕೆ ತಂದರು. ಅವರ ನೆನಪಿನ ಉದ್ಯಾನದಲ್ಲಿ ಬಿಳಿ ಕಲ್ಲಿನ ಪ್ರತಿಮೆ ಇದೆ. ಅಕ್ಕ ಮುಡಿಯಲ್ಲಿದ್ದ ಹೂ ತೆಗೆದು ಅಲ್ಲಿಟ್ಟಳು.

ಸಿಖ್ ಪೊಲೀಸರ ಗುರುತು ಮಾತ್ರ ಒಂದು ಹಳೇ ಫೋಟೋದಲ್ಲಿ ಸಿಕ್ಕಿತು. ಪುರಸಭೆಯ ಕಥೆ ಹೇಳುವ ಕೋಣೆಯಲ್ಲಿ, ಸಾಲಾಗಿ ನಿಂತವರಲ್ಲಿ ಮುಂಡಾಸಿನ ಕೆಲವರು. ಮುಖ ಮಸುಕು.

ಆರನೇ ದಿನ

ದಿನವಿಡೀ ರೈಲು, ಶಾಂಘೈ ಕಡೆ. ಮಳೆ. ಅಕ್ಕ ನಿದ್ದೆ ಹೋದಳು, ನಾನು ಅವಳ ಟಿಪ್ಪಣಿ ಪುಸ್ತಕ ಓದುತ್ತಾ ಕೂತೆ.

ಏಳನೇ ದಿನ: ಶಾಂಘೈ

ಬಂಡ್ ಎನ್ನುವ ನದಿಯಂಚಿನ ರಸ್ತೆಯಲ್ಲಿ ಕಲ್ಲಿನ ಕಟ್ಟಡಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. ನಡುವೆ ಎದ್ದು ಕಾಣುವುದು 1929ರ ಹಸಿರು ಗೋಪುರದ ಸಸೂನ್ ಹೌಸ್. ಸಸೂನರು ಬಾಗ್ದಾದಿನಿಂದ ಮುಂಬಯಿಗೆ ಬಂದು ನೆಲೆಸಿದ ಯಹೂದಿ ಮನೆತನ. ಹತ್ತಿ ಮತ್ತು ಅಫೀಮಿನ ವ್ಯಾಪಾರದಲ್ಲಿ ಬೆಳೆದು, ಆ ಹಣದ ಒಂದು ಪಾಲನ್ನು ಇಲ್ಲಿ ಕಲ್ಲಾಗಿಸಿದರು. ಮಾಳವದ ಗಸಗಸೆ ಹೊಲ ಮುಂಬಯಿ ದಾಟಿ ಇಲ್ಲಿಯವರೆಗೆ ನಡೆದುಬಂದಿತ್ತು. 1839ರಲ್ಲಿ ಚೀನಾ ಚಕ್ರವರ್ತಿಯ ಅಧಿಕಾರಿ ಲಿನ್ ಝೆಶು ಮುತ್ತುನದಿಯ ಬಾಯಿಯ ಹುಮೆನ್ ದಡದಲ್ಲಿ ಸುಣ್ಣ ಉಪ್ಪು ಬೆರೆಸಿ ನಾಶ ಮಾಡಿಸಿದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳಲ್ಲಿ ಮಾಳವದ್ದೂ ಇತ್ತು, ಬಂಗಾಳದ್ದೂ ಇತ್ತು.

ಅದೇ ಸಾಲಿನಲ್ಲಿ 1923ರ ಹಾಂಗ್‌ಕಾಂಗ್ ಶಾಂಘೈ ಬ್ಯಾಂಕಿನ ಕಟ್ಟಡ. ಈಗಲೂ ಅದು ಒಂದು ಬ್ಯಾಂಕೇ. ಬಾಗಿಲ ಹಜಾರದವರೆಗೆ ಯಾರೂ ಹೋಗಬಹುದು, ಫೋಟೋ ತೆಗೆಯುವಂತಿಲ್ಲ. ತಲೆ ಎತ್ತಿದರೆ ಗುಮ್ಮಟದ ಸುತ್ತ ಎಂಟು ಊರುಗಳ ಮೊಸಾಯಿಕ್ ಚಿತ್ರ: ಲಂಡನ್, ಪ್ಯಾರಿಸ್, ನ್ಯೂಯಾರ್ಕ್, ಟೋಕಿಯೋ, ಬ್ಯಾಂಕಾಕ್, ಹಾಂಗ್‌ಕಾಂಗ್, ಶಾಂಘೈ, ಜತೆಗೆ ಕಲ್ಕತ್ತಾ. 1950ರ ದಶಕದಲ್ಲಿ ಇದನ್ನು ಒಡೆಯದೆ ಬಣ್ಣ ಬಳಿದು ಮುಚ್ಚಿದ್ದರು. 1997ರಲ್ಲಿ ಮತ್ತೆ ಬೆಳಕಿಗೆ ಬಂತು. ಬಂಗಾಳದ ಅಫೀಮು ಹರಾಜಾಗುತ್ತಿದ್ದ ಊರು ಕಲ್ಕತ್ತಾ. ಅದು ಇಲ್ಲಿ ಚಿನ್ನದ ಹಿನ್ನೆಲೆಯಲ್ಲಿ ಕೂತಿತ್ತು.

ಬಂಡ್‌ನಿಂದ ನಾನ್‌ಜಿಂಗ್ ರಸ್ತೆಗೆ ತಿರುಗಿದೆವು. ಎರಡೂ ಬದಿ ಅಂಗಡಿಗಳು, ತಿನಿಸು, ಸೆಲ್ಫಿ. ಅಕ್ಕನ ಹೆಜ್ಜೆ ನಿಧಾನವಾಯಿತು. 1884ರ ಸುಮಾರಿನಿಂದ ಇಲ್ಲಿನ ಅಂತಾರಾಷ್ಟ್ರೀಯ ವಸಾಹತಿನ ಪೊಲೀಸಿಗೆ ಸಿಖ್ಖರನ್ನು ತಂದರು, ನೂರಾರು ಜನ. ಚೌಕಗಳಲ್ಲಿ ರಿಕ್ಷಾ ತಡೆಯುವವರು, ಜೈಲು ಕಾಯುವವರು. ಊರವರು ಅವರನ್ನು 'ಹೊಂಗ್ ತೌ ಆ ಸಾನ್' ಎಂದು ಕರೆದರು. ಹೊಂಗ್ ತೌ ಎಂದರೆ ಕೆಂಪು ತಲೆ, ಕೆಂಪು ಮುಂಡಾಸಿಗೆ; ಉಳಿದದ್ದು ಬೈಗುಳ. 1925ರ ಮೇ 30ರಂದು ಜಪಾನೀ ಗಿರಣಿಯಲ್ಲಿ ಸತ್ತ ಕಾರ್ಮಿಕನೊಬ್ಬನಿಗಾಗಿ ವಿದ್ಯಾರ್ಥಿಗಳು ಈ ರಸ್ತೆಯಲ್ಲಿ ಮೆರವಣಿಗೆ ಬಂದರು. ಲಾವ್‌ಝಾ ಠಾಣೆಯ ಮುಂದೆ ಇಂಗ್ಲಿಷ್ ಅಧಿಕಾರಿ ಗುಂಡು ಹಾರಿಸಲು ಹೇಳಿದ. ಹಾರಿಸಿದ ಕೈಗಳಲ್ಲಿ ಚೀನೀಯರದ್ದೂ ಇದ್ದವು, ಸಿಖ್ಖರದ್ದೂ ಇದ್ದವು. ಹಲವರು ಸತ್ತರು. ಇಡೀ ಚೀನಾ ಹೊತ್ತಿಕೊಂಡಿತು, ಮುಷ್ಕರ, ಬಹಿಷ್ಕಾರ. ಜನತಾ ಚೌಕದ ಮೂಲೆಯಲ್ಲಿ ಆ ದಿನದ ಸ್ಮಾರಕವಿದೆ, ಮೇಲೆ ಉಕ್ಕಿನ ರೆಕ್ಕೆಯಂಥ ಆಕೃತಿ. ಆರು ವರ್ಷದ ಹಿಂದಷ್ಟೇ, 1919ರಲ್ಲಿ, ಅಮೃತಸರದಲ್ಲಿ ಅದೇ ಅಧಿಕಾರ ಅದೇ ಪಂಜಾಬಿನ ಜನರ ಮೇಲೆ ಗುಂಡು ಹಾರಿಸಿತ್ತು.

"ಆ ಹುಡುಗಿ ಕೇಳಿದ್ದು ಅಫೀಮಿನ ಬಗ್ಗೆ ಮಾತ್ರ. ಇದನ್ನ ಹ್ಯಾಗೆ ಹೇಳ್ಲೋ?" ಎಂದಳು ಅಕ್ಕ. ನನ್ನಲ್ಲಿ ಉತ್ತರವಿರಲಿಲ್ಲ.

ಎಂಟನೇ ದಿನ: ದೊಂಗ್ ಬಾವೊಶಿಂಗ್ ರಸ್ತೆ

ಹೊರಡುವ ದಿನ ಬೆಳಿಗ್ಗೆ ಹೊಂಗ್‌ಕೌ ಭಾಗಕ್ಕೆ ಹೋದೆವು. ನಾಜಿಗಳಿಂದ ತಪ್ಪಿಸಿಕೊಂಡು ಬಂದ ಸುಮಾರು ಇಪ್ಪತ್ತು ಸಾವಿರ ಯಹೂದಿಗಳಿಗೆ ಎರಡನೇ ಮಹಾಯುದ್ಧದ ಕಾಲದಲ್ಲಿ ಆಸರೆಯಾದ ಕೇರಿ ಇದು. ಅವರ ನೆನಪಿಗೆ ಚೆನ್ನಾದ ಸಂಗ್ರಹಾಲಯವಿದೆ. ನಾವು ಹುಡುಕಿದ್ದು ಬೇರೆ ಕಟ್ಟಡ. ದೊಂಗ್ ಬಾವೊಶಿಂಗ್ ರಸ್ತೆಯಲ್ಲಿ 1908ರಲ್ಲಿ ಸಿಖ್ಖರು ಕಟ್ಟಿದ ಗುರುದ್ವಾರ. ಪೊಲೀಸರ ಪ್ರಾರ್ಥನೆ ನಡೆಯುತ್ತಿದ್ದ ಈ ಊರಿನಲ್ಲೇ ಬ್ರಿಟಿಷರ ವಿರುದ್ಧ ಕ್ರಾಂತಿಗೆ ಇಳಿದಿದ್ದ ಗದರ್ ಪಕ್ಷದವರೂ ಇದ್ದರು, ಯಾರ ಕೆಲಸ ಮಾಡುತ್ತಿದ್ದೀರಿ ಎಂದು ತಮ್ಮವರನ್ನೇ ಕೇಳುತ್ತಿದ್ದರು. ಬ್ರಿಟಿಷರಿಗೆ ನಿಷ್ಠನಾಗಿದ್ದ ಜಮಾದಾರ ಬುದ್ಧ ಸಿಂಗ್ 1927ರ ಏಪ್ರಿಲ್‌ನಲ್ಲಿ ಸತ್ತದ್ದು ಇನ್ನೊಬ್ಬ ಸಿಖ್ಖನ ಗುಂಡಿಗೆ.

ಗುರುದ್ವಾರ ಈಗ ಗುರುದ್ವಾರವಲ್ಲ. ಹಳೇ ಇಟ್ಟಿಗೆಯ ಗೋಡೆ, ಮುಂದೆ ಬಿದಿರಿನ ಗಳದ ಮೇಲೆ ಒಣಹಾಕಿದ ಬಟ್ಟೆ, ಬಾಗಿಲ ಹತ್ತಿರ ಕುಂಡದಲ್ಲಿ ಈರುಳ್ಳಿ ಸೊಪ್ಪು. ಸ್ಟೂಲಿನ ಮೇಲೆ ಅಜ್ಜಿಯೊಬ್ಬರು ಬೀನ್ಸ್ ಮುರಿಯುತ್ತಿದ್ದರು. ತೊಂಬತ್ತರ ಹತ್ತಿರ. ಎಲ್ಲಿಯವರೆಂದು ಕೇಳಿದರು. "ಯಿಂದು" ಎಂದೆ, ಅಷ್ಟು ಚೀನೀ ಕಲಿತಿದ್ದೆ. ಅಜ್ಜಿ ಬೀನ್ಸ್ ಮಡಿಲಿಗೆ ಹಾಕಿ, ಎರಡೂ ಕೈಯಿಂದ ತಲೆಯ ಸುತ್ತ ಮುಂಡಾಸು ಸುತ್ತುವ ಹಾಗೆ ಮಾಡಿ, ಮಹಡಿಯ ಕಡೆ ಬೆರಳು ತೋರಿಸಿದರು.

ಅಕ್ಕ ಅವರ ಪಕ್ಕ ಮೆಟ್ಟಿಲ ಮೇಲೆ ಕೂತಳು. ನಾನು ಫೋನಿನ ಅನುವಾದದ ಆ್ಯಪ್ ತೆರೆದು ನಡುವೆ ಹಿಡಿದೆ. ಚಿಕ್ಕವಳಿದ್ದಾಗ ಅವರನ್ನು ಕಂಡರೆ ಓಡಿಹೋಗುತ್ತಿದ್ದೆ ಎಂದರು ಅಜ್ಜಿ. ಅವರ ಕೈಯಲ್ಲಿ ಲಾಠಿ ಇರುತ್ತಿತ್ತಂತೆ. ಆಮೇಲೆ ಪೊಲೀಸು ಹೋಯಿತು, ಕೆಲವರು ಇಲ್ಲೇ ಉಳಿದು ಹಸು ಸಾಕಿದರು. ಒಬ್ಬ ಗಡ್ಡದವನು ಬೆಳಿಗ್ಗೆ ಹಾಲು ತರುತ್ತಿದ್ದ. ಅಮ್ಮ ಪಾತ್ರೆ ಹಿಡಿದರೆ ಅಳತೆಯ ಮೇಲೆ ಒಂದಿಷ್ಟು ಸುರಿಯುತ್ತಿದ್ದ.

"ಅವನ ಹೆಸರೇನು ಕೇಳೋ," ಎಂದಳು ಅಕ್ಕ.

ಕೇಳಿದೆ. ಅಜ್ಜಿ ತುಂಬಾ ಹೊತ್ತು ಯೋಚಿಸಿದರು. ತಲೆ ಅಲ್ಲಾಡಿಸಿ, ಮತ್ತೆ ಒಂದು ಬೀನ್ಸ್ ಎತ್ತಿಕೊಂಡರು. ಅಕ್ಕ ಅವರ ಮಡಿಲಿಂದ ಒಂದು ಹಿಡಿ ತೆಗೆದುಕೊಂಡು ನಾರು ಎಳೆಯತೊಡಗಿದಳು. ಟ್ಯಾಕ್ಸಿ ಬರಲು ಇನ್ನೂ ಅರ್ಧ ತಾಸಿತ್ತು.